ನಮ್ಮ ಓಣಿಯ ಬಾಗು

ಗೆಳೆಯರೇ, ಇವತ್ತು ಬೆಳಿಗ್ಗೆ ಎದುರು ಮನೆಯ ಶಿವಣ್ಣ ನಮ್ಮ ಕಾಂಪೌಂಡ್ ಒಡೆಸಲೇಬೇಕೆಂದು ದಾರ, ಗೂಟ ಹಿಡಿದು ಬಂದರು. ಕಡೂರಿನ ನಮ್ಮ ಓಣಿ ನೇರವಾಗಿದ್ದರೂ ನಮ್ಮ ಮನೆಯ ಮುಂದೆ ಮಾತ್ರ ಅವರ ಕಡೆಗೆ ಬಾಗಿದೆ.

"ನಿಮ್ ಮಾವ ಗೋಡೆ ಕಟ್ಟುವಾಗ ದಾರೀನೇ ನಮ್ ಕಡೆ ತಳ್ಬಿಟ್ರು ಕಣಕ್ಕಾ," ಎಂದರು. ಮಾವ ಈಗಿಲ್ಲ. ಅವರ ಪರವಾಗಿ ಮಾತಾಡಲು ನಾನೊಬ್ಬಳೇ.

ಮಹಾರಾಜರ ಕಾಲದ ಗ್ರಾಮ ನಕಾಶೆಗಳು ಈಗ ಎಲ್ಲರಿಗೂ ನೋಡಲು ಸಿಗುತ್ತವೆ. ನಮ್ಮೂರಿನದನ್ನು ಫೋನಿನಲ್ಲಿ ತೆರೆದು, ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ತೋರಿಸಿದೆ. ಆಗ ಇಲ್ಲಿ ಮನೆಗಳೇ ಇಲ್ಲ, ಬರೀ ಹೊಲ. ನಡುವೆ ಎತ್ತಿನಗಾಡಿಯ ದಾರಿ, ಅದರಲ್ಲೂ ಇದೇ ಬಾಗು. ಬಾಗಿನ ಒಳಗೆ, ಈಗ ನಮ್ಮ ಗೋಡೆಯಿರುವಲ್ಲಿ, ಒಂದು ಪುಟ್ಟ ಮರದ ಗುರುತು.

ಇಬ್ಬರೂ ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದೆವು. ಆ ಮರವನ್ನು ಗಾಡಿಗಳು ಬಳಸಿ ಹೋದವು. ಗಾಡಿಯ ಜಾಡಿನಲ್ಲೇ ಡಾಂಬರು ಬಂತು, ಡಾಂಬರಿನ ಮೇಲೆ ಶಾಲೆಯ ವ್ಯಾನು. ನಾವ್ಯಾರೂ ಕಂಡಿರದ ಒಂದು ಮರಕ್ಕೆ ಇಡೀ ಓಣಿ ಇವತ್ತಿಗೂ ಜಾಗ ಬಿಟ್ಟುಕೊಂಡು ನಡೆಯುತ್ತಿದೆ.

ಶಿವಣ್ಣ ದಾರ ಸುತ್ತಿಕೊಂಡು ಎದ್ದರು. "ಪಾಪ, ನಿಮ್ ಮಾವನ್ನ ಸುಮ್ನೆ ಬೈಕೊಂಡೆ. ಆದ್ರೆ ಆ ಮರ ನಿಮ್ ಕಡೇನೇ ಯಾಕೆ ಹುಟ್ತು, ಅದನ್ನ ಹೇಳಿ."

ಅದನ್ನು ತೋರಿಸುವ ನಕಾಶೆ ನನಗಿನ್ನೂ ಸಿಕ್ಕಿಲ್ಲ.