ಸೀಟು ಹಿಡಿದಿದ್ದ ಚೀಲ

ನಮ್ಮ ಕಡೆ ಬಸ್ಸಿಗೆ ಜನ ಹತ್ತೋದಕ್ಕೆ ಮುಂಚೆ ಅವರ ಸಾಮಾನು ಹತ್ತುತ್ತೆ. ನಂಜನಗೂಡಿಗೆ ಹೊರಡೋ ಬಸ್ಸು ಟಿ. ನರಸೀಪುರದ ಸ್ಟ್ಯಾಂಡಿಗೆ ತಿರುಗೋದೇ ತಡ, ಕಿಟಕಿಯಿಂದ ಟವೆಲ್ಲು, ಕರ್ಚೀಫು, ಛತ್ರಿ, ಊಟದ ಡಬ್ಬಿ ಎಲ್ಲ ದಬದಬ ಒಳಕ್ಕೆ ಬೀಳ್ತವೆ. ಸಾಮಾನು ಬಿದ್ದ ಸೀಟು ಎಸೆದವರದು. ಅದನ್ನ ಯಾರೂ ಪ್ರಶ್ನೆ ಮಾಡಲ್ಲ. ನಾನು ಆ ಬಸ್ಸಿನ ಕಂಡಕ್ಟರು. ಬಾಗಿಲಲ್ಲಿ ನಿಂತು "ಇಳಿಯೋರಿಗೆ ಜಾಗ ಬಿಡ್ರಪ್ಪಾ, ಬಸ್ಸೇನು ಓಡೋಗಲ್ಲ!" ಅಂತ ದಿನಾ ಗಂಟಲು ಹರ್ಕೊಳ್ತೀನಿ. ಯಾರು ಕೇಳ್ತಾರೆ? ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಆವತ್ತು ಸೋಮವಾರ. ಕಾಲಿಡೋಕೆ ಜಾಗ ಇಲ್ಲದ ಹಾಗೆ ಬಸ್ಸು ತುಂಬಿತ್ತು. ಊರು ದಾಟಿದ ಮೇಲೆ ಟಿಕೆಟ್ ಕೊಡ್ತಾ ಕೊಡ್ತಾ ನಡುವಿನ ಸೀಟಿನ ಹತ್ತಿರ ಬಂದೆ. ಕಿಟಕಿ ಪಕ್ಕ ಒಂದು ಬಟ್ಟೆ ಚೀಲ ರಾಜಾರೋಷವಾಗಿ ಕೂತಿತ್ತು. ಅದರ ಪಕ್ಕದಲ್ಲೇ ಕಳಲೆಯ ಒಬ್ಬ ಮುದುಕಪ್ಪ ಕಂಬಿ ಹಿಡ್ಕೊಂಡು ತೂಗಾಡ್ತಾ ನಿಂತಿದ್ದ.

"ಕೂತ್ಕೋ ತಾತ, ಯಾಕ್ ನಿಂತಿದೀಯ?"

"ಅಲ್ಲಿ ಜನ ಅವ್ರೆ ಕಣವ್ವ."

"ಎಲ್ಲವ್ರೆ? ಚೀಲ ತಾನೇ ಇರೋದು!"

"ಬತ್ತಾರೆ ಬುಡು."

ಓಡ್ತಾ ಇರೋ ಬಸ್ಸಿಗೆ ಇನ್ನೆಲ್ಲಿಂದ ಬರ್ತಾರೆ? ನಗು ಬಂತು, ಸಿಟ್ಟೂ ಬಂತು. ಅಷ್ಟೊಂದು ಜನ ಬೆವರು ಸುರಿಸ್ಕೊಂಡು ನಿಂತಿದ್ರೂ ಒಬ್ಬರಾದ್ರೂ ಆ ಚೀಲ ಸರಿಸಿರಲಿಲ್ಲ. "ಯಾರ್ದ್ರೀ ಇದು?" ಅಂತ ಕೂಗಿದೆ. ಯಾರೂ ಉಸಿರೆತ್ತಲಿಲ್ಲ. ಎತ್ತಿ ಬಾಯಿ ಬಿಚ್ಚಿ ನೋಡ್ತೀನಿ, ಮೇಲೆ ಒಂದು ಕಟ್ಟು ವೀಳ್ಯದೆಲೆ, ಕೆಳಗೆ ಹಸಿರು ರವಿಕೆ ಕಣದ ಗಂಟು. ಗಂಟಿನ ಸಂದಿಯಿಂದ ಐನೂರರ ನೋಟುಗಳು ಇಣುಕ್ತಿವೆ. ಒಂದೋ ಎರಡೋ ಅಲ್ಲ, ಕಂತೆ!

"ಅಯ್ಯಯ್ಯಪ್ಪೋ, ದುಡ್ಡು!" ಅಂತ ಪಕ್ಕದ ಹೆಂಗಸು ಕಿರುಚಿದ್ದೇ ಕಿರುಚಿದ್ದು, ಇಡೀ ಬಸ್ಸು ಎದ್ದು ನಿಂತ್ಕೊಳ್ತು. ಪೊಲೀಸಿಗೆ ಕೊಡಿ ಅಂತ ಒಬ್ಬ, ದೇವರ ಹುಂಡಿಗೆ ಹಾಕಿ ಅಂತ ಇನ್ನೊಬ್ಬ. ಹಿಂದಿನ ಸೀಟಿಂದ ಒಬ್ಬ ಗರಿಗರಿ ಇಸ್ತ್ರಿ ಅಂಗಿಯವನು ಜನರನ್ನ ತಳ್ಕೊಂಡು ಬಂದು "ನಂದೇ ಕಣ್ರೀ, ಕೊಡಿ ಇತ್ಲಾಗೆ" ಅಂತ ಕೈ ಚಾಚಿದ.

"ಒಳಗೆ ಇನ್ನೇನಿದೆ ಹೇಳಿ ಸಾರ್."

"ನನ್ ಪಂಚೆ ಅದೆ."

"ಪಂಚೆ ಇಲ್ಲ, ವೀಳ್ಯದೆಲೆ ಇದೆ. ಹಾಕ್ಕೊಂಡು ಹೋಗ್ತೀರಾ?"

ಬಸ್ಸು ಗೊಳ್ಳಂತ ನಕ್ತು. ಆಸಾಮಿ ಮುಂದಿನ ಸ್ಟಾಪಲ್ಲಿ ಇಳಿದವನು ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಡ್ರೈವರಣ್ಣ ಕನ್ನಡಿಯಲ್ಲೇ ನನ್ನ ನೋಡಿ ಕೂಗಿದ. "ತಾಯಿ, ನಿನ್ ಕ್ಯಾಶ್ ಬ್ಯಾಗಿಗೆ ಮಾತ್ರ ಹಾಕ್ಕೋಬೇಡ! ಚೆಕಿಂಗ್‌ನೋರು ಹತ್ತಿದ್ರೆ ಮುಗೀತು ನಿನ್ ಕತೆ." ನಿಜ. ನಮ್ಮ ಬ್ಯಾಗಲ್ಲಿ ಟಿಕೆಟ್ ಕಾಸಿಗಿಂತ ಹೆಚ್ಚಿಗೆ ದುಡ್ಡು ಕಂಡರೆ ಅವರು ಬೈಯೋದು ಮೊದಲು, ಕೇಳೋದು ಆಮೇಲೆ. ಹಾಗಂತ ಸೀಟಲ್ಲೇ ಬಿಟ್ಟರೆ ಇನ್ನೊಂದು ಇಸ್ತ್ರಿ ಅಂಗಿ ಎದ್ದು ಬರುತ್ತೆ. ಚೀಲ ತಂದು ಡ್ರೈವರ್ ಪಕ್ಕ ಎಲ್ಲರಿಗೂ ಕಾಣೋ ಹಾಗೆ ಇಂಜಿನ್ ಮೇಲೆ ಇಟ್ಟೆ. ಮುಂದಿನ ಸೀಟಿನ ಇಬ್ಬರು ಹೆಂಗಸರನ್ನ ಕಾವಲಿಗೆ ಹಾಕ್ದೆ. ಅವರ ಠೀವಿ ನೋಡಬೇಕಿತ್ತು! ಕೆಮ್ಮಿದವರನ್ನೂ ದುರುಗುಟ್ಟಿ ನೋಡ್ತಿದ್ರು.

ನರಸೀಪುರ ಸ್ಟ್ಯಾಂಡಿನ ಕಂಟ್ರೋಲರಿಗೆ ಫೋನ್ ಹಚ್ಚಿದೆ. "ಚೀಲ ಕಳ್ಕೊಂಡೋರು ಯಾರಾದ್ರೂ..." ಅನ್ನೋಷ್ಟರಲ್ಲಿ ಆತ "ಸಿಕ್ತಾ? ಸಿಕ್ತಾ ಮೇಡಂ? ಇಲ್ಲೊಬ್ಬಳು ತಲೆ ಚಚ್ಕೊಳ್ತಾ ಕೂತವ್ಳೆ!" ಅಂದ. ಫೋನು ಅವಳ ಕೈಗೆ ಹೋಯ್ತು. ನಾನು ಸ್ಪೀಕರ್ ಹಾಕಿದೆ. ಬಸ್ಸು ಬಾಯಿ ಮುಚ್ಕೊಂಡು ಕೇಳಿಸ್ಕೊಳ್ತು.

"ಅಕ್ಕಾ, ಅಸ್ರು ರವಿಕೆ ಕಣ... ಮೇಲೆ ಎಲೆ ಮಡಗಿದ್ದೆ ಕಣಕ್ಕಾ..."

"ಐತೆ, ಎಲ್ಲ ಐತೆ, ಹೆದರಬೇಡ!" ಅಂತ ಬಸ್ಸಿಗೆ ಬಸ್ಸೇ ಉತ್ತರ ಕೊಡ್ತು. ಯಾರೋ ಶಿಳ್ಳೆ ಹೊಡೆದರು. ನಾನೂ ಕುಣಿಯೋದೊಂದು ಬಾಕಿ.

ಸೋಸಲೆಯವಳಂತೆ. ಬೀದಿಯ ಹೆಂಗಸರೆಲ್ಲ ಸಂಘ ಮಾಡ್ಕೊಂಡು, ಮದುವೆ ಮನೆಗಳಿಗೆ ಬಾಡಿಗೆಗೆ ಕೊಡೋಕೆ ದೊಡ್ಡ ಅಡುಗೆ ಪಾತ್ರೆ ತರೋಣ ಅಂತ ಕೂಡಿಟ್ಟ ದುಡ್ಡು. ನಂಜನಗೂಡಿಗೆ ಹೋಗಿ ತರೋಕೆ ಇವಳನ್ನ ನಂಬಿ ಕಳಿಸಿದ್ದರು. ಸೀಟು ಹಿಡಿಯೋ ಅವಸರದಲ್ಲಿ ಕೈಗೆ ಸಿಕ್ಕಿದ ಚೀಲವನ್ನ ನಮ್ಮ ಬಸ್ಸಿನ ಕಿಟಕಿಯಿಂದ ಎಸೆದಿದ್ದಾಳೆ. ಪಕ್ಕದಲ್ಲೇ ಮೈಸೂರು ಬಸ್ಸು ನಿಂತಿತ್ತು, ಜನರ ನೂಕಾಟದಲ್ಲಿ ಅದರ ಬಾಗಿಲು ಹತ್ತಿಬಿಟ್ಟಿದ್ದಾಳೆ. ಅಲ್ಲಿ ಕಿಟಕಿ ಸೀಟಲ್ಲಿ ಕೂತವಳ ಜೊತೆ "ಇದು ನನ್ ಸೀಟು, ಎಲ್ಲಮ್ಮಾ ನನ್ ಚೀಲ?" ಅಂತ ಊರಾಚೆ ತನಕ ಜಗಳ! ದಾರಿಯಲ್ಲಿ ಮೈಸೂರು ಅನ್ನೋ ಬೋರ್ಡ್ ನೋಡಿದಾಗ ಜೀವ ಬಾಯಿಗೆ ಬಂತಂತೆ. ಇಳಿದು ಓಡಿ ಬರೋಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು.

ನಮ್ಮ ಹಿಂದೆ ಹೊರಡೋ ಬಸ್ಸಲ್ಲಿ ನರಸೀಪುರದ ಕಂಟ್ರೋಲರ್ರೇ ಅವಳನ್ನ ಹತ್ತಿಸಿ ಕಳಿಸಿದರು. ನಾನು ನಂಜನಗೂಡಲ್ಲಿ ಚೀಲವನ್ನ ಅಲ್ಲಿನ ಕಂಟ್ರೋಲರ್ ಮೇಜಿನ ಮೇಲಿಟ್ಟು, ಟೀ ಕೂಡ ಕುಡಿಯದೆ ಕಾದೆ. ಕಾವಲಿನ ಹೆಂಗಸರಿಬ್ಬರೂ ಮನೆಗೆ ಹೋಗಲಿಲ್ಲ. ಕೊನೆಗೆ ಬಂದಳು. ಕೂದಲು ಕೆದರಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಚೀಲ ಕೊಟ್ಟರೆ ಎದೆಗೆ ಅವುಚ್ಕೊಂಡು ಹಾಗೇ ನಿಂತಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ನೀವು ಫೋನ್ ಮಾಡಕ್ ಮುಂಚೆನೇ ಸಂಘದ ಅಕ್ಕಂಗೆ ದುಡ್ ಓಯ್ತು ಅಂತ ಒಂದೇ ಮಾತು ಏಳಿ ಫೋನ್ ಆಫ್ ಮಾಡ್ಬುಟ್ಟೆ ಅಕ್ಕಾ" ಅಂದಳು. "ನಾನೇ ನುಂಗ್ದೆ ಅಂತ ಬೀದಿಯೆಲ್ಲ ಮಾತಾಡ್ಕತಾರೆ. ಇನ್ನ ಆ ಬೀದೀಲಿ ಎಂಗ್ ತಲೆ ಎತ್ಲಿ? ನೀವೇ ಮಾತಾಡಿ. ಬಸ್ಸಲ್ಲೇ ಸಿಕ್ತು ಅಂತ, ಇವ್ಳು ಮುಟ್ಟಿಲ್ಲ ಅಂತ, ನೀವೇ ಏಳಿ."

"ಫೋನ್ ಕೊಡು ಇಲ್ಲಿ, ಯಾರು ಏನಂತಾರೋ ನೋಡೇಬಿಡ್ತೀನಿ" ಅಂತ ಸೆರಗು ಸಿಗಿಸ್ಕೊಂಡೆ. ಜಗಳಕ್ಕೆ ನಾನು ಯಾವತ್ತೂ ರೆಡಿ. ಫೋನ್ ಆನ್ ಮಾಡಿ, ಆ ಸಂಘದ ಅಕ್ಕನ ನಂಬರ್ ಒತ್ತಿ, ಸ್ಪೀಕರ್ ಹಾಕಿ, "ನಾನು ನಂಜನಗೂಡು ಬಸ್ಸಿನ ಕಂಡಕ್ಟರು. ನಿಮ್ಮ ದುಡ್ಡು..." ಅಂದೆ.

"ದುಡ್ಗೆ ಬೆಂಕಿ ಬೀಳ!" ಆ ಕಡೆಯಿಂದ ಏದುಸಿರು. "ಅವ್ಳೆಲ್ಲವ್ಳೆ, ಅದೇಳಿ ಮೊದ್ಲು! ಇಡೀ ಬೀದಿ ಒಳೆ ದಡದಾಗೆ ಉಡುಕ್ತಾ ಇವಿ ಕಣ್ರವ್ವಾ, ಬದುಕವ್ಳಾ?"

ಫೋನನ್ನ ಅವಳ ಕಿವಿಗೆ ಹಿಡಿದೆ.

"ಇಲ್ಲೇ ಇವ್ನಿ ಕಣಕ್ಕಾ" ಅಂದವಳೇ ಅವಳು ಬಸ್‌ಸ್ಟ್ಯಾಂಡಿನ ನೆಲದ ಮೇಲೆ ಕುಸಿದು ಕೂತು, ದುಡ್ಡಿನ ಚೀಲ ಪಕ್ಕಕ್ಕೆ ತಳ್ಳಿ, ಆವತ್ತು ಮೊದಲನೇ ಸಲ ಜೋರಾಗಿ ಅತ್ತಳು.