ಏಳನೆಯ ಕೋಟೆಯ ಹಿಮ

ಆಂಧ್ರದ ಗಡಿಯ ಆದವಾನಿಯಲ್ಲಿ ಹಿಮ ಬೀಳುವುದಿಲ್ಲ. ಹಿಮದಂತೆ ಕಾಣುವ ಒಂದು ವಸ್ತು ಮಾತ್ರ ನವೆಂಬರಿನಿಂದ ಫೆಬ್ರವರಿಯವರೆಗೆ ಇರುತ್ತದೆ. ಅದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಅಂಗಳದಲ್ಲಿ ರಾಶಿ ಹಾಕಿದ ಹತ್ತಿ. ಅದನ್ನು ಸಿನೆಮಾದ ಕಣ್ಣಿನಿಂದ ನೋಡಿದವನು ಪೆದ್ದಹರಿವಾಣದ ಹುಲಿಗೇಶ. ಸಿದ್ದಲಿಂಗೇಶ್ ಸಾವ್ಕಾರರ ಮಿಲ್ಲಿನಲ್ಲಿ ಅವನು ರಾಶಿ ನೋಡಿಕೊಳ್ಳುವ ಮೇಸ್ತ್ರಿ.

‘ಏಳು ಹಿಮದ ಕೋಟೆ’ ಅವನೇ ಕಟ್ಟಿ, ಮೊಬೈಲಿನಲ್ಲಿ ಚಿತ್ರೀಕರಿಸಿದ ಕಥೆ. ಮಾಯಾವಿಯೊಬ್ಬ ರಾಣಿಯ ತಮ್ಮನನ್ನು ಸೆರೆಯಲ್ಲಿಟ್ಟಿದ್ದಾನೆ. ಬಿಡಿಸಲು ಅವಳು ಏಳು ಕೋಟೆ ದಾಟಬೇಕು. ಮೊದಲ ಭಾಗದಲ್ಲಿ ಮೂರು ಕೋಟೆ ದಾಟಿದಳು, ಎರಡನೆಯದರಲ್ಲಿ ಇನ್ನು ಮೂರು. ರಾಣಿಯ ಪಾತ್ರ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಲಾವಣ್ಯಳದು. ತಮ್ಮನಾಗಿ ಆಟೋ ಓಡಿಸುವ ಶ್ರೀರಾಮುಲು, ಮಾಯಾವಿಯ ಸೈನ್ಯವಾಗಿ ಮಿಲ್ಲಿನ ಹಮಾಲರು. ಎರಡೂ ಭಾಗ ಯೂಟ್ಯೂಬಿಗೆ ಹೋದ ಮೇಲೆ ಜನ ಶ್ರೀರಾಮುಲುವಿನ ಆಟೋ ನಿಲ್ಲಿಸಿ, “ಏನಪಾ, ಜೈಲಿಂದ ಯಾವಾಗ ಬಿಟ್ರು?” ಎಂದು ಕೇಳುತ್ತಿದ್ದರು.

ಉಳಿದದ್ದು ಏಳನೆಯ ಕೋಟೆ. ಏಪ್ರಿಲಿನಲ್ಲಿ ಲಾವಣ್ಯಳ ಮದುವೆ. ಗುಂತಕಲ್ಲಿನ ಗಂಡಿನ ಮನೆಯವರು ಅಲ್ಲಿಯವರೆಗಿನ ನಟನೆಗೆ ಮಾತ್ರ ಒಪ್ಪಿದ್ದರು. ಆ ಸೀಸನ್ನಿನಲ್ಲಿ ಮುಗಿಯದಿದ್ದರೆ ಸಿನೆಮಾ ಎಂದೂ ಮುಗಿಯುವಂತಿರಲಿಲ್ಲ.

ಮಿಲ್ಲಿಗೆ ರಜೆಯಿದ್ದ ಭಾನುವಾರ ಸಾವ್ಕಾರರು ಅಂಗಳ ಬಿಟ್ಟುಕೊಡುತ್ತಿದ್ದರು. ಷರತ್ತು ಒಂದೇ: ರಾಶಿಯ ಮೇಲೆ ಬಣ್ಣದ್ದು ಏನೂ ಹೋಗಬಾರದು. ಹತ್ತಿಯಲ್ಲಿ ಸೇರಿದ ಬಣ್ಣದ ಎಳೆ ನೂಲಿನಲ್ಲೂ ಉಳಿದು, ಕೊನೆಗೆ ಬಟ್ಟೆಯಲ್ಲಿ ಕಲೆಯಾಗಿ ಕಾಣುತ್ತದೆ. ಆದ್ದರಿಂದ ರಾಶಿ ಹತ್ತುವ ಹಮಾಲರ ರುಮಾಲು ಕೂಡ ಬಿಳಿಯದೇ. ತಪ್ಪಿದವರನ್ನು ಕೆಳಗಿಳಿಸುವುದೇ ಹುಲಿಗೇಶನ ಕೆಲಸ. ಮೊದಲೆರಡು ಭಾಗಗಳಲ್ಲಿ ರಾಣಿಯೂ ಶತ್ರುಗಳೂ ಬಿಳಿಯನ್ನೇ ಉಟ್ಟಿದ್ದರು. ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ.

ಮೂರನೆಯ ಭಾಗಕ್ಕೆ ಅವನು ಕೆಂಪು ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲಗಳನ್ನು ಕತ್ತರಿಸಿ ಸೈನ್ಯಕ್ಕೆ ಕವಚ ಹೊಲಿಸಿದ. ಸೈನ್ಯ ರಾಶಿಯ ಬುಡದಲ್ಲಿ ತಾಡಪಾಲಿನ ಮೇಲೆ ನಿಲ್ಲಬೇಕು, ಮೇಲೆ ರಾಣಿಯೊಬ್ಬಳೇ ಇರಬೇಕು ಎಂದು ಎಲ್ಲರಿಗೂ ಹೇಳಿದ್ದ.

ಜನವರಿಯ ಒಂದು ಮಧ್ಯಾಹ್ನ ಹಮಾಲನೊಬ್ಬ ಹುರುಪಿನಲ್ಲಿ ರಾಶಿ ಹತ್ತಿ, ರಾಣಿಯ ಏಟಿಗೆ ಉರುಳಿ ಬಿದ್ದ. ಬಿಳುಪಿನ ಮೇಲೆ ಕೆಂಪು. ಮೊಬೈಲಿನ ಪರದೆಯಲ್ಲಿ ಅದನ್ನು ಕಂಡ ಹುಲಿಗೇಶ, “ಇನ್ನೊಂದ್ ಸಲ! ಎಲ್ಲಾರೂ ಮ್ಯಾಲೆ ಹತ್ರಲೇ!” ಎಂದು ಕೂಗಿದ.

“ಅಣ್ಣಾ, ಸಾವ್ಕಾರ್ರು ಕೊಲ್ತಾರ,” ಎಂದಳು ಲಾವಣ್ಯ.

“ಆಮ್ಯಾಲೆ ಆರಿಸ್ತೀವಿ ಬಿಡವಾ. ನೀ ಕತ್ತಿ ಎತ್ತು.”

ಇಡೀ ಸೈನ್ಯ ರಾಶಿಯಿಂದ ಉರುಳಿತು. ಅಷ್ಟರಲ್ಲಿ ಬೆಳಕು ಹೋಗಿದ್ದರಿಂದ ರಾಣಿ ಬಾಗಿಲು ತೆರೆದು ತಮ್ಮನನ್ನು ಬಿಡಿಸುವ ದೃಶ್ಯ ಉಳಿಯಿತು.

ಮರುದಿನ ಕಸ ಆರಿಸುವ ಹೆಂಗಸರು ರಾಶಿಗೆ ಇಳಿದರು. ಅವರಲ್ಲಿ ಹಿರಿಯಳು ಗಾದಿಲಿಂಗಮ್ಮ. ಎರಡೂ ಭಾಗ ನೋಡಿದವಳು. “ನಿನ್ನ ರಾಕ್ಷಸರು ಸಾಯ್ತಾ ಸಾಯ್ತಾ ಕೆಂಪು ಕೂದ್ಲಾ ಉದುರಿಸ್ಯಾರಲ್ಲೋ ಡೈರೆಕ್ಟರಾ,” ಎಂದು ಬೈಯುತ್ತಲೇ ಆರಿಸಿದಳು. ಕಂಡದ್ದೆಲ್ಲ ಹೊರಗೆ ಬಂತು. ಕಾಣದೆ ಉಳಿದ ಎಳೆಗಳು ಯಂತ್ರದ ಹಲ್ಲಿಗೆ ಸಿಕ್ಕಿ ಚೂರುಚೂರಾಗಿ ಹತ್ತಿಯ ಜೊತೆ ಒತ್ತಿ ಕಟ್ಟಿದ ಬೇಲುಗಳೊಳಗೆ ಸೇರಿದವು. ಹುಲಿಗೇಶ ಸಾವ್ಕಾರರಿಗೆ ಹೇಳಲಿಲ್ಲ.

ಬಾಗಿಲಿನ ದೃಶ್ಯಕ್ಕೆ ಎತ್ತರದ ರಾಶಿ ಬೇಕಿತ್ತು. ಹೊಸ ಹತ್ತಿ ಬಂದು ರಾಶಿ ಏರುವ ಮೊದಲೇ ನೂಲಿನ ಗಿರಣಿಯಿಂದ ಬೇಲುಗಳ ಲಾರಿ ವಾಪಸ್ಸು ಬಂತು. ಸಾವ್ಕಾರರು ಒಂದು ಬೇಲು ಬಿಚ್ಚಿಸಿ, ಕೆಂಪು ಎಳೆಯೊಂದನ್ನು ಎಳೆದು ಹಿಡಿದರು.

“ಇದು ಯಾರದೋ?”

“ನಂದೇ ರೀ.”

“ಮೇಸ್ತ್ರಿದೋ, ಡೈರೆಕ್ಟರ್‌ದೋ?”

ಹುಲಿಗೇಶ ಎಳೆಯನ್ನು ಸಾವ್ಕಾರರ ಕೈಯಿಂದ ತೆಗೆದುಕೊಂಡ.

“ನನಗ ಮೇಸ್ತ್ರಿ ಬೇಕು. ಇನ್ನೊಬ್ಬ ಈ ಗೇಟಿನೊಳಗ ಬರೋದು ಬ್ಯಾಡ.”

ಸುದ್ದಿ ಸಂಜೆಯೊಳಗೆ ಉಳಿದ ಮಿಲ್ಲುಗಳಿಗೂ ಮುಟ್ಟಿತು. ಯಾರೂ ಅಂಗಳ ಕೊಡಲಿಲ್ಲ. ಅವನು ಗುಡ್ಡದ ಬಂಡೆಯೊಂದಕ್ಕೆ ಸುಣ್ಣ ಬಳಿದು ಚಿತ್ರೀಕರಿಸಿ ನೋಡಿದ. ಅದು ಸುಣ್ಣ ಬಳಿದ ಬಂಡೆಯಂತೆಯೇ ಕಂಡಿತು. ಫೆಬ್ರವರಿ ಕಳೆಯಿತು, ಅಂಗಳಗಳು ಖಾಲಿಯಾದವು.

ಮಾರ್ಚಿನ ಕೊನೆಗೆ ಅವನು ಬಟ್ಟೆ ಅಂಗಡಿಗೆ ಹೋದ. ಲಾವಣ್ಯ ಗಿರಾಕಿಗಳು ಹರವಿ ಬಿಟ್ಟ ಸೀರೆಗಳನ್ನು ಮಡಚುತ್ತಿದ್ದಳು.

“ಮಾರಿ ತೋರಿಸೋದು ಬ್ಯಾಡವಾ, ಧ್ವನಿ ಸಾಕು. ರಾಣಿ ಬಾಗಿಲ ತನಕ ಬಂದು ತಿರುಗಿ ಹೋದ್ಲು ಅಂತ ಹೇಳಿಬಿಡು. ಅಂತೇ, ಅಯಿಪೋತುಂದಿ. ಮುಗದೇ ಹೋಗ್ತದ.”

ಅವಳು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಚಿದಳು. “ನಾನು ಗುಂತಕಲ್ಲಿಗೆ ಹೋಗಾಕಿ ಅಣ್ಣಾ. ನನಗ ದಾರಿ ಇಲ್ಲ. ಆಕಿ ಯಾಕ ತಿರುಗಿ ಹೋಗ್ತಾಳ?”

“ಮತ್ತ ನಾ ಹ್ಯಾಂಗ ಮುಗಸ್ಲಿ?”

“ಮುಗಸಬ್ಯಾಡ.”

ಅವಳ ಮದುವೆ ನಡೆಯಿತು. ಶ್ರೀರಾಮುಲುವಿನ ಆಟೋವನ್ನು ಈಗ ಪ್ರಯಾಣಿಕರು ಮಾತ್ರ ನಿಲ್ಲಿಸುತ್ತಾರೆ. ಮೂರನೆಯ ಭಾಗ ಎಲ್ಲಿಯೂ ಹೋಗಲಿಲ್ಲ. ಕೆಂಪು ಸೈನ್ಯ ಉರುಳುವಲ್ಲಿಗೆ ಅದು ನಿಂತಿದೆ. ಹುಲಿಗೇಶ ಚಿತ್ರೀಕರಿಸಿದ್ದರಲ್ಲಿ ಅದೇ ಅತ್ಯುತ್ತಮ ಎಂದು ನೋಡಿದ ನಾಲ್ಕೈದು ಮಂದಿಯೂ ಹೇಳುತ್ತಾರೆ.

ಈ ಸಲದ ಸೀಸನ್ನಿನಲ್ಲಿ ಊಟದ ಹೊತ್ತಿಗೆ ಗಾದಿಲಿಂಗಮ್ಮ ಹುಲಿಗೇಶನನ್ನು ಕೇಳಿದಳು: “ಆ ರಾಣಿ ತಮ್ಮ ಕೋಟಿ ಒಳಗ ಸತ್ತನೇನೋ?”

“ಇಲ್ಲಬೇ. ಅದಾನ.”

“ಮತ್ತ ಆಕಿ?”

“ಹೊರಗ ನಿಂತಾಳ.”

“ಆ ಥಂಡ್ಯಾಗ?”

“ಹೂಂ.”

“ನಿನ್ನ ಮನಿ ಹಾಳಾಗ್ಲಿ,” ಎಂದು ಗಾದಿಲಿಂಗಮ್ಮ ರೊಟ್ಟಿಯ ಗಂಟು ಕಟ್ಟಿ ಎದ್ದಳು.