ಒಕ್‌ಬುನಳ ಎಡಗೈ

ಬುಸಾನ್ ಬಂದರಿನ ಮೀನುಪೇಟೆಯಲ್ಲಿ ಹಾವುಮೀನು ಸುಲಿಯುವುದೆಂದರೆ ಕ್ವಾಕ್ ಒಕ್‌ಬುನಳೇ ಸುಲಿಯಬೇಕು. ಎಡಗೈಯಲ್ಲಿ ಮೀನಿನ ಕತ್ತು ಹಿಸುಕಿ ಹಲಗೆಗೆ ಒತ್ತಿದಳೆಂದರೆ, ಬಲಗೈಯ ಚೂರಿ ಒಂದೇ ಎಳೆತಕ್ಕೆ ಚರ್ಮ ಕಿತ್ತು ತರುತ್ತಿತ್ತು.

ಅಂಗಡಿ ಸಾಲು ಕೆಡವಲು ಗುತ್ತಿಗೆದಾರ ಗೂಂಡಾಗಳನ್ನು ನುಗ್ಗಿಸಿದ ದಿನ ಅವಳು ತನ್ನ ಅಂಗಡಿಯ ಮೀನು ಸುಡುವ ಒಲೆಗೆ ಅಡ್ಡ ನಿಂತಳು. ಗೂಂಡಾಗಳಲ್ಲಿ ಮಾ ದಾಲ್ಸು ಎಂಬವನು ಕಬ್ಬಿಣದ ಸರಳು ಬೀಸಿದ. ಅವಳ ಬಲಗಿವಿಯ ಮೇಲೆ, ತುಸು ಹಿಂದಕ್ಕೆ, ಬುರುಡೆ ಒಡೆದು ಒಳಕ್ಕೆ ಕುಸಿಯಿತು.

ಅಂಗಡಿ ಸಾಲು ಉಳಿಯಿತು, ಅವಳೂ ಹೇಗೋ ಬದುಕಿದಳು. "ಕೈ ಎಲ್ಲಿದೆ, ಸಾಮಾನು ಎಲ್ಲಿದೆ ಅಂತ ತಿಳಿಸೋ ಮಿದುಳಿನ ಭಾಗವೇ ಜಜ್ಜಿಹೋಗಿದೆ. ಎಡಗೈಗೆ ಬಲ ಇದೆ, ಆದ್ರೆ ನಿಮ್ಮ ಮಾತು ಕೇಳಲ್ಲ," ಎಂದರು ಡಾಕ್ಟರು.

ಕೇಳಲೇ ಇಲ್ಲ. ಮೀನಿಗೆ ಚಾಚಿದರೆ ಪಕ್ಕದ ಗಾಳಿಯನ್ನು ಹಿಡಿಯುತ್ತಿತ್ತು. ಅವಳ ಕಣ್ಣು ತಪ್ಪಿದರೆ ತಾನಾಗಿಯೇ ಮೇಲೆದ್ದು ಗಿರಾಕಿಯ ಕೂದಲನ್ನೋ, ಅವಳದೇ ಗಂಟಲನ್ನೋ ಅಮುಕುತ್ತಿತ್ತು. "ಬಿಡೇ, ಹಾಳು ಮುಂಡೇದೇ!" ಎಂದು ಬಲಗೈಯಿಂದ ಅದಕ್ಕೆ ಬಾರಿಸುತ್ತಿದ್ದಳು.

ಒಂದು ಬೆಳಿಗ್ಗೆ ಹಲಗೆಯೆಲ್ಲ ಕೆಂಪಾಯಿತು. "ಈ ಮೀನಿಗೆ ಇಷ್ಟೊಂದು ರಕ್ತಾನಾ?" ಎಂದಳು.

"ಅಯ್ಯೋ ಅಕ್ಕಾ, ಅದು ನಿನ್ ಬೆರಳು ಕಣೇ!" ಪಕ್ಕದ ಅಂಗಡಿಯ ಸುನ್‌ರ್ಯೆ ಚೀರಿದಳು. ಎಡಗೈಯ ಕಿರುಬೆರಳು ಮೀನಿನ ಕರುಳುಗಳ ನಡುವೆ ಬಿದ್ದಿತ್ತು. ಒಕ್‌ಬುನಳಿಗೆ ನೋವು ತಿಳಿದಿರಲಿಲ್ಲ.

ಗಾಯ ಮಾಗುವ ಹೊತ್ತಿಗೆ ದಾಲ್ಸು ಕುಡಿದು ಬಂದ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಕ್ಕ. "ಏನಮ್ಮಾ, ನಿನ್ ಕೈಗೆ ದೆವ್ವ ಹಿಡಿದಿದ್ಯಂತೆ? ಎಲ್ಲಿ, ಒಂದು ಸಲಾಮು ಹೊಡೆಸು."

ಎಡಗೈ ಎದ್ದಿತು. ಅವನ ಗಂಟಲು ಹಿಡಿದುಕೊಂಡಿತು. ಅವನು ಬಟ್ಟಲು ಒಡೆದು ಅವಳ ಮುಖಕ್ಕೆ ತಿವಿದ, ಹೊಟ್ಟೆಗೆ ಒದ್ದ. ಅವಳ ಹಲ್ಲು ಉದುರಿದರೂ ಹಿಡಿತ ಸಡಿಲವಾಗಲಿಲ್ಲ. ಇಬ್ಬರೂ ಕೆಂಡದ ಮೇಲೆ ಉರುಳಿದರು. ಮೀನುಗಾರರು ಎಳೆದು ಬಿಡಿಸುವಷ್ಟರಲ್ಲಿ ಅವನ ಕಣ್ಣಾಲಿ ಮೇಲೆ ಸಿಕ್ಕಿಕೊಂಡಿತ್ತು.

ಅವನು ಸಾಯಲಿಲ್ಲ. ಆದರೆ ದನಿ ಹೋಯಿತು, ಪೇಟೆಗೆ ಮತ್ತೆ ಬರಲಿಲ್ಲ. "ನಾನಲ್ಲ ಸ್ವಾಮಿ, ಕೈ," ಎಂದಳು ಒಕ್‌ಬುನ್. ಪೊಲೀಸರು ಡಾಕ್ಟರನ್ನು ಕೇಳಿ ಬಿಟ್ಟುಬಿಟ್ಟರು.

ಸುಟ್ಟ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದ ಸುನ್‌ರ್ಯೆಗೆ ಮಾತ್ರ ಅವಳು ನಿಜ ಹೇಳಿದಳು. "ಅವನು ಒದ್ದಾಗಲೇ ಆ ಕೈ ಸೋತು ಬಿಡೋದ್ರಲ್ಲಿತ್ತು ಕಣೇ. ಬಲಗೈನ ಅದರ ಮೇಲಿಟ್ಟು ಅದುಮಿದ್ದು ನಾನೇ."

ಸುನ್‌ರ್ಯೆ ಇನ್ನಷ್ಟು ಮುಲಾಮು ತೆಗೆದುಕೊಂಡಳು.